ಹೂಲಿಗೆ ಲೈನು ಕೊಟ್ಟ ರಾಜಕ್ಕ

ರಾಜೇಶ್ವರಿ ಅಕ್ಕನಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ನನಗೂ ಬರುವುದಿಲ್ಲ ಅನ್ನಿ. ನಾವಿಬ್ಬರೂ ಒಟ್ಟಿಗಿದ್ದರೆ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಆಫೀಸಿನ ಕಾವು ಇಳಿಯುವುದಿಲ್ಲ ಎಂದು ನಮ್ಮ ಮಾಲಕರು ವೀರಪ್ಪನವರು ಬಂದವರಿಗೆಲ್ಲ ಹೇಳುತ್ತಾರೆ. ಅವರದು ಇಂಟರ್ನೆಟ್ ಕಂಪನಿ. ಆಫೀಸು ಸವದತ್ತಿಯಲ್ಲಿ, ಗಿರಾಕಿಗಳು ಬೈಲಹೊಂಗಲ, ಕಿತ್ತೂರು, ರಾಮದುರ್ಗದವರೆಗೂ. ನಾನು ಶ್ರೀಶೈಲ, ಕಂಬ ಹತ್ತಿ ವಾಯರ್ ಎಳೆಯುವವನು. ರಾಜಕ್ಕ ಒಳಗಿನ ಮಶೀನು ರೂಮಿನವಳು. ನಾನು ಎಳೆದ ವಾಯರಿಗೆ ಜೀವ ಕೊಡುವುದು ಅವಳು. ಅದನ್ನು ದಿನಕ್ಕೊಮ್ಮೆಯಾದರೂ ನನಗೆ ನೆನಪಿಸದಿದ್ದರೆ ಅವಳಿಗೆ ಉಂಡ ಅನ್ನ ಅರಗುವುದಿಲ್ಲ.

ರಾಮದುರ್ಗದಲ್ಲಿ ಹುಟ್ಟಿ ಸವದತ್ತಿಗೆ ಸೊಸೆಯಾಗಿ ಬಂದವಳು. ಅವಳ ಗಂಡ ನನ್ನ ಜೊತೆಗೇ ಕಂಬ ಹತ್ತುತ್ತಿದ್ದ. ಮುನವಳ್ಳಿ ರಸ್ತೆಯಲ್ಲಿ ಒಂದು ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ. ಬದುಕಿದ, ಕೋಲು ಹಿಡಿದು ಓಡಾಡುವಷ್ಟಾದ, ಆದರೆ ಕಂಬದ ಕೆಲಸ ಮುಗಿದೇ ಹೋಯಿತು. ವೀರಪ್ಪನವರು ಒಳ್ಳೆಯವರು, ಸಹಾಯ ಮಾಡುತ್ತೇನೆ ಎಂದರು. ಮರುದಿನವೇ ರಾಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಟೇಬಲ್ಲಿನ ಮುಂದೆ ನಿಂತಳು.

"ಸಹಾಯ ಬ್ಯಾಡ್ರಿ. ಕೆಲಸಾ ಕೊಡ್ರಿ."

"ಏನ್ ಬರ್ತೈತಿ ಬೇ ನಿನಗ?"

"ಏನೂ ಬರೂದಿಲ್ಲ. ಕಲಿತೇನಿ."

ಮೊದಲು ಹೊರಗಿನ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿ ಅವಳು ಹೆಚ್ಚು ದಿನ ನಿಲ್ಲಲಿಲ್ಲ. ಬೆಳಗಾವಿಯಿಂದ ಎಂಜಿನಿಯರ್ ಬಂದು ಮಶೀನು ರೂಮಿನಲ್ಲಿ ಕುಳಿತರೆ ಸಾಕು, ಹಿಂದೆ ಹೋಗಿ ನಿಲ್ಲುವಳು. "ಈಗ ಏನ್ ಒತ್ತೀದ್ರಿ? ಯಾಕ ಒತ್ತೀದ್ರಿ? ಒತ್ತಲಿಲ್ಲಂದ್ರ ಏನಾಗ್ತಿತ್ತು?" ಆ ಪುಣ್ಯಾತ್ಮ ತಾಳ್ಮೆಯವನು, ಹೇಳಿಕೊಟ್ಟ. ಕೊನೆಗೆ ಇವಳ ಪ್ರಶ್ನೆ ತಾಳುವುದಕ್ಕಿಂತ ಕೆಲಸವನ್ನೇ ಒಪ್ಪಿಸುವುದು ಸುಲಭ ಎಂದು ಇವಳದೇ ಹೆಸರಿನಲ್ಲಿ ಲಾಗಿನ್ ಮಾಡಿಕೊಟ್ಟು ಹೋದ. ಈಗ ಗಂಡ ಮನೆಯಲ್ಲಿ ರೊಟ್ಟಿ ಬಡಿಯುತ್ತಾನೆ. ಜೋಳದ ರೊಟ್ಟಿಯನ್ನು ನನ್ನ ಹೆಂಡತಿಗಿಂತ ತೆಳ್ಳಗೆ ಬಡಿಯುತ್ತಾನೆ. ಇದನ್ನು ಮನೆಯಲ್ಲಿ ಬಾಯ್ತಪ್ಪಿ ಹೇಳಿ ಒಂದು ರಾತ್ರಿ ನಾನು ಉಪವಾಸ ಮಲಗಿದ್ದೇನೆ.

ಅವಳ ಕೆಲಸ ಏನೆಂದು ಗೊತ್ತಿಲ್ಲದವರು ಬಹಳ. ನಿಮ್ಮ ಮನೆಯ ವೈಫೈ ಡಬ್ಬಿ ಚಾಲೂ ಆದ ಕೂಡಲೇ ಸವದತ್ತಿ ರೂಮಿನ ದೊಡ್ಡ ರೌಟರಿನ ಬಾಗಿಲು ಬಡಿದು ಹೆಸರು ಹೇಳುತ್ತದೆ. ಹೆಸರು ಸರಿಯಿದ್ದರೆ ರೌಟರು ಒಳಗೆ ಬಿಡುತ್ತದೆ, ಡಬ್ಬಿಯ ಮೇಲೆ ಹಸಿರು ದೀಪ ಬೀಳುತ್ತದೆ. ಅಷ್ಟಕ್ಕೇ ಇಂಟರ್ನೆಟ್ ಬಂತು ಎಂದುಕೊಂಡರೆ ನೀವು ಶುದ್ಧ ದಡ್ಡರು. ಒಳಗೆ ಬಿಡುವುದು ಬೇರೆ, ಸೇವೆ ಕೊಡುವುದು ಬೇರೆ. ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿದ ಹಾಗೆ ಅದು, ಬಡಿಸುವವರು ಇನ್ನೂ ಬರಬೇಕು. ಯಾರಿಗೆ ಯಾವ ಪ್ಲಾನು, ಎಷ್ಟು ಸ್ಪೀಡು ಎಂಬುದನ್ನು ಬೆಳಗಾವಿಯಲ್ಲಿರುವ ನಮ್ಮ ಸರ್ವರು ರೌಟರಿಗೆ ಹೇಳುತ್ತದೆ, ಆಮೇಲೆ ಬಡಿಸುವುದು ಶುರುವಾಗುತ್ತದೆ. ಆ ಸರ್ವರು ಮಲಗಿತೋ, ಊರೆಲ್ಲ ಹಸಿರು ದೀಪ ನೋಡುತ್ತ ಖಾಲಿ ಎಲೆಯ ಮುಂದೆ ಕೂರಬೇಕು. ಆಗ ಒಬ್ಬೊಬ್ಬರದನ್ನೂ ಕೈಯಿಂದಲೇ ಚಾಲೂ ಮಾಡಬೇಕು. ಕರಿ ಪರದೆ, ಬಿಳಿ ಅಕ್ಷರ, ಮೌಸಿಗೆ ಕೆಲಸವಿಲ್ಲ. ಗಿರಾಕಿಯ ಹೆಸರು, ಅವರ ವಾಯರ್ ಬಂದು ಸೇರುವ ಕಿಂಡಿ ಅಂದರೆ ಪೋರ್ಟು ಯಾವುದು, ಯಾವ ಸೇವೆ, ಕೊನೆಗೆ ಆಕ್ಟಿವೇಟ್. ಒಂದು ಸಾಲಿಗೆ ಒಂದು ಮನೆ. ರಾಜಕ್ಕ ಸಾಲು ಬರೆದು, ತುಟಿ ಆಡಿಸುತ್ತ ಪೂರ್ತಿ ಓದಿ, ಮೂಗಿನ ತುದಿ ಮುಟ್ಟಿಕೊಂಡು, ಆಮೇಲೆ ಎಂಟರ್ ಒತ್ತುವಳು. ಪಕ್ಕದಲ್ಲಿ ಆಕಾಶ ಕಳಚಿ ಬಿದ್ದರೂ ಈ ಕ್ರಮ ತಪ್ಪುವುದಿಲ್ಲ.

ಚಾಲೂ ಮಾಡುವ ಹಾಗೆಯೇ ಕಡಿಯುವ ಕಮಾಂಡೂ ಅವಳ ಕೈಯಲ್ಲಿದೆ. ಬೈಲಹೊಂಗಲದ ಒಬ್ಬ ಮನೆಮಾಲಕ, ಬಾಡಿಗೆದಾರನ ಲೈನು ಕಡಿದುಬಿಡು ಎಂದು ಫೋನ್ ಮಾಡಿದ್ದ. ಮನೆ ಬಿಡಿಸಲು ಬೇರೆ ದಾರಿ ಕಾಣದೆ ಹೂಡಿದ ಆಟ. "ಲೈನ್ ಯಾರು ತಗೊಂಡಾರ ಅವ್ರು ಹೇಳಿದ್ರ ಕಡೀತೇನಿ. ಕೇಳದ ಒಬ್ಬರದೂ ನಾ ಕಡಿಯಾಕಿ ಅಲ್ಲ, ಫೋನ್ ಇಡ್ರಿ" ಎಂದಿದ್ದಳು. ಆತ ವೀರಪ್ಪನವರ ದೂರದ ನೆಂಟ. ಆದರೂ ಲೈನು ಕಡಿಯಲಿಲ್ಲ.

ಇನ್ನು ಹೂಲಿಯ ವಿಷಯಕ್ಕೆ ಬರುತ್ತೇನೆ.

ಹೂಲಿಯಲ್ಲಿ ನಿಜಗುಣಪ್ಪನವರದು ಎಂದು ಈಗಲೂ ಕರೆಯುವ ಒಂದು ಹಳೆ ಮಾಳಿಗೆ ಮನೆ ಇದೆ. ಆ ಹಿರಿಯ ತೀರಿಕೊಂಡು ಎಷ್ಟೋ ವರ್ಷವಾಯಿತು. ಹಿರಿಮಗ, ಕಿರಿಮಗ ಹಿಸ್ಸೆ ಮಾಡಿಕೊಂಡು ನಡುವೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಎಬ್ಬಿಸಿದರು. ಹೊಲ ಹಂಚಿಕೊಂಡರು, ಕಾಳು ತುಂಬುವ ಹಗೇವು ಹಂಚಿಕೊಂಡರು, ಎತ್ತಿನ ಕೊಟ್ಟಿಗೆಯ ತೊಲೆಯನ್ನೂ ಕೊಯ್ದು ಹಂಚಿಕೊಂಡರು, ಮಾತು ಬಿಟ್ಟರು. ಹಂಚಿಕೊಳ್ಳದೆ ಉಳಿದದ್ದು ಅಪ್ಪನ ಹೆಸರು ಮಾತ್ರ. ಇಂಟರ್ನೆಟ್ ಬಂದಾಗಲೂ ಇಬ್ಬರೂ ಅಪ್ಪನ ಹೆಸರಿನಲ್ಲೇ ಬೇಕು ಎಂದು ಹಟ ಹಿಡಿದರು. ಮೊದಲು ಯಾರು ಬೇರೆ ಹೆಸರಿಗೆ ಹೋಗುತ್ತಾರೋ ಅವರೇ ಅಪ್ಪನನ್ನು ಬಿಟ್ಟವರು ಎಂದು ಊರು ಆಡಿಕೊಳ್ಳುತ್ತದೆ ಎಂಬ ಹೆದರಿಕೆ. ಹೀಗಾಗಿ ಎರಡು ಬಾಗಿಲು, ಎರಡು ಡಬ್ಬಿ, ಹೆಸರು ಒಂದೇ. ಎರಡು ಕಡೆ ಬಡಿಸು ಎಂದು ಬೆಳಗಾವಿಯ ಸರ್ವರಿನಲ್ಲಿ ಗುರುತು ಹಾಕಿದ್ದರು, ನಡೆಯುತ್ತಿತ್ತು.

ಹಿರಿಮಗನೂ ತೀರಿಕೊಂಡ ಮೇಲೆ ಆ ಅರ್ಧದಲ್ಲಿ ಅವನ ಹೆಂಡತಿ ಗುರವ್ವ ಒಬ್ಬಳೇ ಇದ್ದಳು. ಹೋದ ವರ್ಷ ಮಗಳು ಪ್ರಜ್ಞಾ ಮಹಾರಾಷ್ಟ್ರದ ಕಡೆಯ ಗಂಡನ ಮನೆ ಬಿಟ್ಟು ನಾಲ್ಕು ವರ್ಷದ ಮಗಳ ಜೊತೆ ಬಂದು ಸೇರಿದಳು. ಮಗುವಿಗೆ ಏನೋ ಹೊಸ ನಮೂನೆಯ ಹೆಸರಿದೆ, ಮನೆಯಲ್ಲಿ ಕರೆಯುವುದು ಮುತ್ತಜ್ಜಿಯ ಹೆಸರು, ತಂಗೆವ್ವ. ಗಂಡ ಅಲ್ಲಿನ ಕೋರ್ಟಿನಲ್ಲಿ ಮಗು ತನಗೆ ಬೇಕೆಂದು ಕೇಸು ಹಾಕಿದ್ದ. ಪ್ರಜ್ಞಾ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಎರಡು ತಾರೀಖು ತಪ್ಪಿಸಿದ್ದಳು. ಮೂರನೆಯದಕ್ಕೆ ವಿಡಿಯೋದಲ್ಲಿ ಹಾಜರಾಗಲು ಕೋರ್ಟು ಒಪ್ಪಿತ್ತು. ಅಂದು ಹನ್ನೆರಡಕ್ಕೆ ಅವಳು ಕಾಣಿಸದಿದ್ದರೆ ಅವಳ ಮಾತು ಕೇಳದೆಯೇ ಆರ್ಡರು ಆಗುತ್ತದೆ, ಮಗುವನ್ನು ಒಯ್ಯಲು ಮರುದಿನವೇ ಗಾಡಿ ಬರುತ್ತದೆ. ಅವಳ ವಕೀಲರು ಹೀಗೇ ಬಿಡಿಸಿ ಹೇಳಿದ್ದರು.

ಹಿಂದಿನ ದಿನ ಗುಡಿಯ ಕಡೆಯ ಮಂಗಗಳು ಅವರ ವಾಯರ್ ಹರಿದು ಹಾಕಿದ್ದವು. ಬೆಳಿಗ್ಗೆ ಹೋಗಿ ಮಂಗಗಳ ಕುಲವನ್ನೆಲ್ಲ ಬೈಯುತ್ತ ಜೋಡಿಸಿದೆ. ಹಸಿರು ದೀಪ ಬಿತ್ತು. ಪ್ರಜ್ಞಾ ಹೊರಸಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿ, ಲ್ಯಾಪ್‌ಟಾಪು ಸ್ಟೂಲಿನ ಮೇಲಿಟ್ಟು ತೆರೆದಳು. ಏನೂ ಬರಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ವಾಯರ್ ತೆಗೆದು ಹಾಕಿದೆ. ಏನೂ ಇಲ್ಲ. ಆ ಓಣಿಯಲ್ಲಿ ಮೊಬೈಲಿಗೆ ಸಿಗ್ನಲ್ ಹಿಡಿಯುವುದು ಮಾಳಿಗೆ ಹತ್ತಿದರೆ ಮಾತ್ರ, ಅದೂ ಬರೀ ಮಾತಿಗೆ. ನಿಚ್ಚಣಿಕೆ ಹತ್ತಿ ರಾಜಕ್ಕನಿಗೆ ಫೋನ್ ಹಚ್ಚಿದೆ.

"ಬೆಳಗಾವಿ ಸರ್ವರ್ ಮಲಗೇತಿ. ನಾಕೂ ತಾಲೂಕು ಖಾಲಿ. ಮುಂಜಾನಿಂದ ಕೈಲೇ ಒಂದೊಂದ ಹಾಕಾಕತ್ತೇನಿ. ದವಾಖಾನಿ ಆದೂವು, ಈಗ ಮಕ್ಕಳ ಸಾಲಿ."

"ಅಕ್ಕಾರ, ಸಾಲಿ ಆಮ್ಯಾಲ ಹಾಕ್ರಿ. ಹೂಲಿ ಹಾಕ್ರಿ ಮೊದಲ." ಕಾರಣ ಹೇಳಿದೆ.

ಆ ಕಡೆ ವೀರಪ್ಪನವರು ಬ್ಯಾಂಕಿನವರದು ಮೊದಲು, ಬ್ಯಾಂಕಿನವರದು ಮೊದಲು ಎಂದು ಬಡಬಡಿಸುವುದು ನನಗೂ ಕೇಳುತ್ತಿತ್ತು. "ಬ್ಯಾಂಕನ್ನ ಯಾರೂ ಹೊತಗೊಂಡ ಹೋಗೂದಿಲ್ಲ್ರೀ, ಸುಮ್ನ ಕುಂದರ್ರಿ" ಎಂದಳು ಅವರಿಗೆ. ನನಗೆ, "ಹೆಸರು ಹೇಳು."

"ನಿಜಗುಣಪ್ಪ, ಹೂಲಿ."

ತುಟಿ ಆಡಿಸಿ ಓದುವುದು ಫೋನಿನಲ್ಲೇ ಗೊತ್ತಾಯಿತು. "ಆತು. ಬಂತು ನೋಡು."

ಬಂತು. ಆದರೆ ನಮಗಲ್ಲ. ಗೋಡೆಯ ಆಚೆ, ಕಿರಿಮಗ ಬಸಲಿಂಗಪ್ಪನವರ ಮನೆಯಲ್ಲಿ ಟಿವಿ ಕುಸ್ತಿಯ ಕೂಗಾಟ ಶುರುಮಾಡಿತು. ನಮ್ಮ ಕಡೆ ಬಂದಿಲ್ಲ ಎಂದು ಫೋನಿನಲ್ಲಿ ಒದರಿದೆ.

ಅಕ್ಕ ಹುಡುಕಿ ನೋಡಿದಳು. ಆ ಹೆಸರಿನಲ್ಲಿ ಎರಡು ಪೋರ್ಟಿನಿಂದ ಎರಡು ಡಬ್ಬಿ ಒಳಗೆ ಬಂದು ಕುಳಿತಿದ್ದವು. ಹೂಲಿಯಲ್ಲಿ ಆ ಹೆಸರು ಇನ್ಯಾರದು ಇದ್ದೀತು ಎಂದು ಅವಳು ಪೋರ್ಟು ಬರೆಯದೆ ಹೆಸರಷ್ಟೇ ಬರೆದಿದ್ದಳು. ರೌಟರು ಮೊದಲು ಬಂದವರಿಗೆ ಬಡಿಸಿತು. ಈಗ ಗುರವ್ವನ ಪೋರ್ಟು ಬರೆದು ಮತ್ತೆ ಒತ್ತಿದರೆ, ಈ ಹೆಸರಿಗೆ ಸೇವೆ ಆಗಲೇ ಚಾಲೂ ಇದೆ ಎಂದು ತಳ್ಳಿಬಿಟ್ಟಿತು. ಎರಡು ಕಡೆ ಬಡಿಸಬೇಕು ಎಂಬ ಗುರುತು ಇದ್ದದ್ದು ಬೆಳಗಾವಿಯಲ್ಲಿ, ಅದು ಮಲಗಿದೆ. ಹೊಸ ಹೆಸರು ಸೇರಿಸಲೂ ಅದೇ ಸರ್ವರು ಬೇಕು.

"ಆ ಕಡೆದು ತಗದ್ರ ಈ ಕಡೆದು ಹತ್ತತೈತಿ. ಹೋಗಿ ಬಸಲಿಂಗಪ್ಪನವ್ರನ್ನ ಕೇಳು" ಎಂದಳು.

ಕೆಳಗಿಳಿದೆ. ಗುರವ್ವ ಬಾಗಿಲಿಗೆ ಅಡ್ಡ ನಿಂತಳು. "ಕೇಳೂದಾದ್ರ ಕೇಳಪಾ. ಕೋರ್ಟಿನ ಸುದ್ದಿ ಮಾತ್ರ ಆ ಮನ್ಯಾಗ ಎತ್ತಬ್ಯಾಡ. ನನ್ನ ಆಣಿ ಐತಿ. ನನ್ನ ಮಗಳ ಸಂಸಾರ ಹರದದ್ದ ಆಂವಗ ಹೇಳಿ ನಾ ಸಣ್ಣಾಕಿ ಆಗೂದಿಲ್ಲ."

ಏನು ಹೆಣ್ಣುಮಕ್ಕಳಪ್ಪ! ಮಗು ಹೋದರೂ ಚಿಂತೆಯಿಲ್ಲ, ಮೈದುನನ ಮುಂದೆ ತಲೆ ತಗ್ಗಬಾರದು. ಹಲ್ಲು ಕಚ್ಚಿ ಸುತ್ತು ಹಾಕಿ ಆ ಬಾಗಿಲಿಗೆ ಹೋದೆ.

ಬಸಲಿಂಗಪ್ಪನವರು ತಲೆಗೆ ಪಟಗ ಸುತ್ತಿಕೊಂಡು ಟಿವಿಯ ಮುಂದೆ ಕುಳಿತಿದ್ದರು. ಬಡಬಡಿಸುವ ಮನುಷ್ಯ, ಕೆಟ್ಟವರಲ್ಲ. ಸಂಜೆ ತಂಗೆವ್ವ ಓಡಿಬಂದರೆ ಅಂಗಿಯ ಕಿಸೆಯಿಂದ ಹುರಿದ ಶೇಂಗಾ ತೆಗೆದು ಕೊಡುತ್ತಾರೆ, ಆ ಗೋಡೆ ಇದ್ದದ್ದು ದೊಡ್ಡವರಿಗೆ ಮಾತ್ರ.

"ಕಾಕಾರ, ಒಂದ ತಾಸು ನಿಮ್ಮ ಲೈನ್ ತಗದು ಆ ಕಡೆ ಹಾಕ್ತೇವ್ರಿ. ಇಲ್ಲಾಂದ್ರ ನಿಮ್ಮ ವೈಫೈದ ಪಾಸ್‌ವರ್ಡ್‌ರ ಕೊಡ್ರಿ."

"ಯಾಕ?"

"ಅವ್ರಿಗೆ ಸ್ವಲ್ಪ ಕೆಲಸಾ ಐತ್ರಿ."

"ಏನ್ ಕೆಲಸಾ?"

ನನ್ನ ಬಾಯಿಗೆ ಗುರವ್ವನ ಆಣೆ ಬೀಗ ಹಾಕಿತ್ತು.

"ನಮ್ಮಪ್ಪನ ಹೆಸರಿನ ಲೈನದು. ಬೇಕಾದ್ರ ಅವ್ರ ಬಂದು ಕೇಳ್ಲಿ. ನಿನ್ನ್ಯಾಕ ಕಳಸ್ಯಾರ? ನಡಿ ನಡಿ."

ಮತ್ತೆ ಮಾಳಿಗೆ. ಹನ್ನೆರಡಕ್ಕೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಪ್ರಜ್ಞಾಳನ್ನು ಹೊತ್ತು ಸವದತ್ತಿಗೆ ಒಯ್ಯೋಣವೆಂದರೆ ಗಾಡಿ ತರಿಸುವಷ್ಟರಲ್ಲಿ ಹೊತ್ತು ಮೀರುತ್ತದೆ. ನನಗೆ ತಲೆ ಕೆಟ್ಟುಹೋಗಿತ್ತು. "ಅಕ್ಕಾರ, ನಾ ಕಂಬಾ ಹತ್ತಿ ಅವ್ರ ವಾಯರ್ ಕಿತ್ತ ಒಗೀತೇನಿ. ಮಂಗ್ಯಾ ಹರದ್ವು ಅಂತ ಹೇಳಿದ್ರಾತು. ಅವ್ರ ಡಬ್ಬಿ ಹೊರಗ ಬಿತ್ತಂದ್ರ ನೀವು ಇಕಿದು ಹಾಕ್ರಿ."

"ಮುಟ್ಟಿದ್ರ ಕೈ ಮುರೀತೇನಿ!" ಕಿವಿ ಗುಂಯ್ ಎಂದಿತು. "ಕಳ್ಳರಂಗ ಮಾಡೂದು ಬ್ಯಾಡ. ಯಾರ್ ಕಡದ್ರು ಅಂದ್ರ ಮಂಗ್ಯಾನ ಹೆಸರು ಹೇಳ್ತೀ?"

"ಮತ್ತೇನ್ ಮಾಡ್ಲಿ? ಕೇಳಿದೆ, ಒಲ್ಲೆ ಅಂದ್ರು. ಕಾರಣಾ ಹೇಳಾಕ ಗುರವ್ವ ಬಿಡವಲ್ಲಳು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ಆಗ ಅವಳ ಸಂಕಟ ನನಗೆ ಅರ್ಥವಾಯಿತು. ಕೇಳದೆ ಒಬ್ಬರದೂ ಕಡಿಯುವುದಿಲ್ಲ ಎಂದು ಮಾಲಕರ ನೆಂಟನಿಗೇ ಮುಖಕ್ಕೆ ಹೊಡೆದಂತೆ ಹೇಳಿದವಳು. ಇಲ್ಲಿ ಕೇಳಿಯೂ ಆಗಿದೆ, ಬೇಡ ಎನ್ನಿಸಿಕೊಂಡೂ ಆಗಿದೆ. ಬೇಡ ಎಂದವರದನ್ನು ಕಡಿಯುವುದು ಇನ್ನೂ ದೊಡ್ಡ ತಪ್ಪು.

"ಕೂಸು ಏನ್ ಮಾಡಾಕತ್ತೇತಿ?" ಎಂದು ಕೇಳಿದಳು.

ಮಾಳಿಗೆಯ ಬೆಳಕಿಂಡಿಯಿಂದ ಬಗ್ಗಿ ನೋಡಿದೆ. "ಅವರವ್ವನ ಪ್ಲಾಸ್ಟರ್ ಮ್ಯಾಲ ಪೆನ್ಸಿಲ್‌ಲೆ ಹೂವಿನ ಚಿತ್ರಾ ಬರ್ಯಾಕತ್ತೇತ್ರಿ."

"ನಾ ಕಡೀತೇನಿ" ಎಂದಳು ರಾಜಕ್ಕ. "ನನ್ನ ಲಾಗಿನ್‌ಲೇ ಕಡೀತೇನಿ. ಯಾರ್ ಕಡದ್ರು, ಯಾವಾಗ ಕಡದ್ರು ಅಂತ ಮಶೀನಿನ್ಯಾಗ ಉಳೀತೈತಿ, ಉಳೀಲಿ. ಬಸಲಿಂಗಪ್ಪನವ್ರು ಕೇಳಿದ್ರ ಸವದತ್ತಿ ರಾಜೇಶ್ವರಿ ಅಂತ ಹೇಳು. ವೀರಪ್ಪ ಸಾಹುಕಾರ್ರ, ನೀವೂ ಕೇಳಸ್ಕೊಂಡ್ರೆಲ್ಲಾ? ನಾಳೆ ನನ್ನ ಕೆಲಸದಾಗಿಂದ ತಗದ್ರೂ ತಗೀರಿ. ಇವತ್ತ ಮಾತ್ರ ಈ ಕುರ್ಚಿ ನಂದು."

ವೀರಪ್ಪನವರು ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಕೇಳಿಸಿತು.

ಎರಡು ಸಾಲು. ಮೊದಲನೆಯದು ಆ ಪೋರ್ಟಿನ ಸೇವೆ ತೆಗೆಯುವುದು, ಎರಡನೆಯದು ಈ ಪೋರ್ಟಿಗೆ ಹಾಕುವುದು. ಈ ಸಲ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿದಳು. ಲಗೂ ಮಾಡ್ರಿ ಎಂದು ಕಿರುಚಿದೆ. ಕಿವಿಗೇ ಹಾಕಿಕೊಳ್ಳದೆ ಪೂರ್ತಿ ಓದಿ ಮುಗಿಸಿದಳು. ಗೋಡೆಯ ಆಚೆ ಕುಸ್ತಿ ನಿಂತಿತು. ಕೆಳಗಿನಿಂದ ಪ್ರಜ್ಞಾ, "ಬಂತು! ಅಣ್ಣಾ, ಬಂತು!" ಎಂದು ಕೂಗಿದಳು.

ಕೆಳಗಿಳಿದು ಬರುವಷ್ಟರಲ್ಲಿ ಪರದೆಯ ಮೇಲೆ ಕೋರ್ಟು ಕಾಣುತ್ತಿತ್ತು. ನ್ಯಾಯಾಧೀಶರು ಕನ್ನಡಕ ಹಾಕಿದ, ವಯಸ್ಸಾದ ಹೆಣ್ಣುಮಗಳು. ಮಾತೆಲ್ಲ ಮರಾಠಿ. ನನಗೆ ಅರ್ಥವಾಗುತ್ತದೆ, ನಮ್ಮ ಮಾತಿನಲ್ಲಿ ಹೇಳುತ್ತೇನೆ. ಪ್ರಜ್ಞಾ ಮೊದಮೊದಲು ತೊದಲಿದಳು, ಆಮೇಲೆ ಸರಿಯಾಗಿಯೇ ಹೇಳಿದಳು. ಮಗುವಿನ ಊಟ, ಅಂಗನವಾಡಿ, ತಾನು ಮನೆಯಿಂದಲೇ ಮಾಡುವ ಟ್ಯೂಷನ್ನು. ಗಂಡನ ವಕೀಲ ಎದ್ದು ನಿಂತ. ಇವರಿಬ್ಬರೇ ಹೆಂಗಸರು, ಅರ್ಧ ಮನೆ, ಕರೆದರೆ ಓಡಿಬರಲು ಒಬ್ಬರಿಲ್ಲ, ತಾಯಿಯ ಕಾಲು ಮುರಿದಿದೆ, ಮಗುವಿಗೆ ಏನಾದರೂ ಆದರೆ ಯಾರು ಗತಿ ಎಂದ. ನ್ಯಾಯಾಧೀಶರು ಪ್ರಜ್ಞಾಳನ್ನೇ ನೋಡಿದರು. ವಕೀಲ ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ಸಂಕಟ.

ಆಗ ತಲಬಾಗಿಲು ಧಡ್ ಎಂದಿತು.

"ಯಾರಂವಾ ನನ್ನ ಲೈನ್ ಕಡದಂವಾ? ಒಲ್ಲೆ ಅಂದ್ರೂ ಕಡೀತೀರಿ? ಎಲ್ಲಿ ಅದಾನ ಆ ವಾಯರಿನ್ಯಾಂವಾ?" ಬಸಲಿಂಗಪ್ಪನವರು. ಹಿಸ್ಸೆಯಾದ ಮೇಲೆ ಆ ಹೊಸ್ತಿಲು ದಾಟದ ಮನುಷ್ಯ ಪಟಗ ಅರ್ಧ ಬಿಚ್ಚಿಕೊಂಡು ಪಡಸಾಲೆಯ ನಡುವೆ ನಿಂತಿದ್ದರು.

ಪರದೆಯಲ್ಲಿ ವಕೀಲನ ಮುಖ ಅರಳಿತು. "ನೋಡಿ ಮೇಡಂ, ಆ ಮನೆಯ ವಾತಾವರಣ ಇದು" ಎಂದ. ಮುಗಿಯಿತು, ನಾವೇ ಮಗುವನ್ನು ಕೈಯಾರೆ ಕಳೆದೆವು ಎಂದುಕೊಂಡೆ.

ನ್ಯಾಯಾಧೀಶರು ಅವರು ಯಾರು ಎಂದು ಕೇಳಿದರು. ಪ್ರಜ್ಞಾ ಅವ್ವನ ಕಡೆ ತಿರುಗಿದಳು. ಗುರವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಾತಾಡಿದ್ದು ತಂಗೆವ್ವ. ಓಡಿಹೋಗಿ ಬಸಲಿಂಗಪ್ಪನವರ ಧೋತರ ಹಿಡಿದುಕೊಂಡಳು. "ಅಜ್ಜಾ, ನನ್ನ ಒಯ್ತಾರಂತ."

"ಯಾರು?"

ಮಗು ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿತು.

ಬಸಲಿಂಗಪ್ಪನವರು ಪರದೆ ನೋಡಿದರು, ಅರ್ಧ ಬಿಚ್ಚಿದ ಪಟಗವನ್ನು ಪೂರ್ತಿ ತೆಗೆದು ಕಂಕುಳಲ್ಲಿ ಹಿಡಿದರು. ನಿಧಾನಕ್ಕೆ ಬಂದು ಹೊರಸಿನ ಪಕ್ಕ ನಿಂತು ಕೈ ಮುಗಿದರು. ಬೆಲ್ಲದ ವ್ಯಾಪಾರಕ್ಕೆ ಎಷ್ಟೋ ವರ್ಷ ಆ ಸೀಮೆಯಲ್ಲಿ ತಿರುಗಿದವರು, ಮರಾಠಿ ನೀರು ಕುಡಿದ ಹಾಗೆ ಬರುತ್ತದೆ.

"ನಾನು ಇಕಿ ಕಾಕಾ ರೀ. ಇಕಿ ಅಪ್ಪನ ಒಡಹುಟ್ಟಿದ ತಮ್ಮ."

ಎಲ್ಲಿರುತ್ತೀರಿ ಎಂದು ಕೇಳಿದರು ನ್ಯಾಯಾಧೀಶರು.

ಅವರು ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದರು.

"ಇದ ಮನ್ಯಾಗ ರೀ."

ವಕೀಲ ಬಿಡಲಿಲ್ಲ. ಹಿಸ್ಸೆಯಾಗಿದೆ, ಮನೆ ಬೇರೆ ಬೇರೆ, ಮಾತುಕತೆಯೂ ಇಲ್ಲ, ಎಲ್ಲ ನಮಗೆ ಗೊತ್ತಿದೆ ಎಂದ.

"ಗ್ವಾಡಿ ಹಾಕೇವ್ರಿ, ಸುಳ್ಳ್ಯಾಕ ಹೇಳ್ಲಿ. ಮಾತೂ ಬಿಟ್ಟೇವ್ರಿ. ಆದ್ರ ಮನಿ ನಮ್ಮಪ್ಪನ ಹೆಸರಿಲೆ ಒಂದ ಐತಿ. ಈಗ ನೀವು ಈ ಹುಡುಗೀ ಮಾರಿ ನೋಡಾಕತ್ತೀರೆಲ್ಲಾ, ಅದೂ ಅದ ಹೆಸರಿನ ಲೈನಿನ್ಯಾಗ ನೋಡಾಕತ್ತೀರಿ. ನನಗ ಬಂದ್ರ ಇವ್ರಿಗಿಲ್ಲ, ಇವ್ರಿಗೆ ಬಂದ್ರ ನನಗಿಲ್ಲ. ಈಗ ಇವ್ರಿಗೆ ಬಂದೈತಿ. ಸುಳ್ಳಾದ್ರ ಸವದತ್ತಿಗೆ ಫೋನ್ ಹಚ್ಚಿ ಕೇಳ್ರಿ." ದನಿ ಒಡೆಯಿತು, ತಡೆದುಕೊಂಡರು. "ಕೂಸಿಗೆ ಏನರ ಆದ್ರ ಯಾರು ಅಂತ ಕೇಳೀದ್ರೆಲ್ಲಾ ವಕೀಲ್ರ. ನಾನು. ಬರಕೋರಿ."

ನ್ಯಾಯಾಧೀಶರು ಬರೆದುಕೊಂಡರು. ಅವರ ಹೆಸರು ಕೇಳಿದರು, ವಯಸ್ಸು ಕೇಳಿದರು. ಪಕ್ಕದವರೊಡನೆ ಏನೋ ಮಾತಾಡಿದರು. ಕೊನೆಗೆ, ಮುಂದಿನ ಆದೇಶದವರೆಗೆ ಮಗು ತಾಯಿಯ ಹತ್ತಿರವೇ ಇರಲಿ ಎಂದರು. ಪ್ರಜ್ಞಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನು, ನಾನೂ ಅತ್ತೆ.

ಪರದೆ ಆರಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಸಲಿಂಗಪ್ಪನವರು ಪಟಗ ಹಿಡಿದುಕೊಂಡೇ ನಿಂತಿದ್ದರು, ಹೊರಡುವುದೋ ಇರುವುದೋ ಎಂದು ಅವರಿಗೂ ಗೊತ್ತಾಗಲಿಲ್ಲ. "ವೈನಿ, ನನಗೊಂದ ಮಾತು ಹೇಳಬಾರದಿತ್ತಾ?" ಎಂದರು ಅತ್ತಿಗೆಗೆ. ಗುರವ್ವ ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು.

ನಾನು ನಿಚ್ಚಣಿಕೆ ಹತ್ತಿ ರಾಜಕ್ಕನಿಗೆ ಫೋನ್ ಮಾಡಿದೆ. ಮಗು ಉಳಿಯಿತು ಎಂದೆ. ಹೂಂ ಎಂದಳು, ಅಷ್ಟೇ. ಆಮೇಲೆ, "ಬಸಲಿಂಗಪ್ಪನವ್ರನ್ನ ಕೇಳು. ಅವ್ರ ಲೈನ್ ವಾಪಸ್ ಹಾಕ್ಲೇನು? ಒಲ್ಲೆ ಅಂದ್ರೂ ಕಡದೇನಿ, ಹಾಕೂದರ ಕೇಳಿ ಹಾಕ್ತೇನಿ. ನಂದು ತಪ್ಪಾತು ಅಂತನೂ ಹೇಳು."

ಮಾಳಿಗೆಯ ಬೆಳಕಿಂಡಿಯಿಂದ ಬಗ್ಗಿ ಕೂಗಿ ಕೇಳಿದೆ. ಬಸಲಿಂಗಪ್ಪನವರು ಪ್ರಜ್ಞಾಳ ಹೊರಸಿನ ಕಾಲಬದಿಗೆ ಕುಳಿತಿದ್ದರು. ಕೈಯಲ್ಲಿ ಚಹಾದ ಬಟ್ಟಲು, ತೊಡೆಯ ಮೇಲೆ ತಂಗೆವ್ವ.

"ಅವಸರೇನಿಲ್ಲ ಅನ್ನು ಆ ಅಕ್ಕಗ" ಎಂದರು ತಲೆ ಎತ್ತದೆಯೇ. "ಆ ಮನ್ಯಾಗ ಈಗ ಯಾರೂ ಇಲ್ಲ."

ಅದೇ ಮಾತನ್ನು ರಾಜಕ್ಕನಿಗೆ ಹೇಳಿದೆ. ಫೋನ್ ಕಟ್ಟಾಯಿತೇನೋ ಎಂದು ಅಕ್ಕಾರ, ಅಕ್ಕಾರ ಎಂದು ಎರಡು ಸಲ ಕರೆದೆ. ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಅದೇನಿ, ಅದೇನಿ. ಒದರಬ್ಯಾಡ" ಎಂದಳು. "ಸಿರಸಂಗಿ ಸಾಲಿದು ಬಾಕಿ ಐತಿ. ಇಡು ಫೋನ್."